ಟಿಕೆಟ್ ಕೊಡುವ ಮತ ಯಾರದು?

ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ, ಅಂದರೆ ಪ್ರೈಮರಿಯಲ್ಲಿ ಯಾರಿಗೆ ಮತ ಇರಬೇಕು ಅನ್ನೋದು ನನ್ನ ವಿಷಯ.

ಅಮೆರಿಕದ ಟೆಕ್ಸಾಸ್‌ನಲ್ಲಿ ಆಗ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕಿದರೆ ಗೆದ್ದ ಹಾಗೆಯೇ. 1923ರ ಕಾನೂನು ಆ ಪಕ್ಷದ ಪ್ರೈಮರಿಯಿಂದ ಕಪ್ಪು ಜನರನ್ನು ಹೊರಗಿಟ್ಟಿತು. ಸಾರ್ವತ್ರಿಕ ಚುನಾವಣೆಯಲ್ಲಿ ಮತ ಇದ್ದರೂ ಫಲಿತಾಂಶ ಅಷ್ಟರಲ್ಲೇ ತೀರ್ಮಾನವಾಗಿರುತ್ತಿತ್ತು. 1927ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದು ಮಾಡಿತು. ಆಮೇಲೆ ‘ಪಕ್ಷ ಖಾಸಗಿ ಸಂಘ’ ಎಂಬ ವಾದ ಬಂತು. 1935ರಲ್ಲಿ ಕೋರ್ಟೂ ಒಪ್ಪಿತು. 1944ರ ಸ್ಮಿತ್ ವಿರುದ್ಧ ಆಲ್‌ರೈಟ್ ತೀರ್ಪು ಅದನ್ನು ತಳ್ಳಿಹಾಕಿತು.

ಹಾಗಂತ ಎದುರು ಪಕ್ಷದವರೂ ಬಂದು ಮತ ಹಾಕಬಹುದಾ? ಸದಸ್ಯರಲ್ಲದವರ ಮತವನ್ನು ಪಕ್ಷದ ಮೇಲೆ ಹೇರುವಂತಿಲ್ಲ ಎಂದು 2000ದಲ್ಲಿ ಕ್ಯಾಲಿಫೋರ್ನಿಯಾದ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿತು.

ನಮ್ಮ ಕಾಸರಗೋಡಿನ ಪಕ್ಕದ ದಕ್ಷಿಣ ಕನ್ನಡದಲ್ಲೂ 2014ರಲ್ಲಿ ಕಾಂಗ್ರೆಸ್ ಪ್ರೈಮರಿ ನಡೆಸಿತ್ತು. ಮತ ಇದ್ದದ್ದು ಪದಾಧಿಕಾರಿಗಳಂಥ ಪಕ್ಷದೊಳಗಿನವರಿಗೆ, ಸಾಮಾನ್ಯ ಮತದಾರರಿಗಲ್ಲ.

ನನಗನಿಸೋದು ಇಷ್ಟು: ಪಕ್ಷ ಸದಸ್ಯತ್ವ ಕೇಳಲಿ, ತಪ್ಪಿಲ್ಲ. ಆದರೆ ಬಣ್ಣ, ಜಾತಿ, ಮನೆಮಾತು ನೋಡಿ ಸದಸ್ಯತ್ವದ ಬಾಗಿಲು ಮುಚ್ಚಬಾರದು. ಭಾಷಾ ಅಲ್ಪಸಂಖ್ಯಾತರಾದ ನಾವು ಕೇಳಬೇಕಾದ್ದೂ ಇದನ್ನೇ. ಟಿಕೆಟ್ ತೀರ್ಮಾನಿಸುವಲ್ಲಿ ನಮ್ಮ ಮಾತು ನಡೆಯದಿದ್ದರೆ, ಬೂತಿನಲ್ಲಿ ನಮಗೆ ಉಳಿಯೋದು ಗುಂಡಿ ಒತ್ತುವ ಕೆಲಸ ಮಾತ್ರ.