ನಗೆಯ ಕತ್ತಿಗೆ ಎರಡು ಬಾಯಿ

ವಿಜಯಪುರ ಜಿಲ್ಲೆಯ ಲಚ್ಯಾಣವಿರಲಿ, ಇಂಡಿಯಿರಲಿ, ಕಟ್ಟೆಯ ಮೇಲೆ ಮಾತಿಗೆ ಕುಳಿತ ಹಿರಿಯರ ಬಾಯಲ್ಲಿ ಬಸವಣ್ಣನವರ ವಚನವೂ ಸರ್ವಜ್ಞನ ತ್ರಿಪದಿಯೂ ಜೊತೆಜೊತೆಯಾಗಿಯೇ ಬರುತ್ತವೆ. ಎರಡರಲ್ಲಿಯೂ ವಿಡಂಬನೆಯುಂಟು. ಆದರೆ ಆ ನಗೆಯ ಪೆಟ್ಟು ಬೀಳುವುದು ಯಾರ ಮೇಲೆಂದು ವಿಚಾರಿಸುವವರು ವಿರಳ.

ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ 12ನೆಯ ಶತಮಾನದಲ್ಲಿ ಜನಿಸಿದ ಬಸವಣ್ಣನವರು, ಶಿಲೆಯ ಹಾವನ್ನು ಪೂಜಿಸಿ ಜೀವಂತ ಹಾವನ್ನು ಬಡಿಯಹೊರಡುವವರ ಭಕ್ತಿಯನ್ನು ಕಂಡು ನಕ್ಕರು. ದೇವರಿಗೆ ನೈವೇದ್ಯವಿಟ್ಟು, ಹಸಿದು ಬಂದವನನ್ನು ಬಾಗಿಲಿನಿಂದಲೇ ಅಟ್ಟುವವರನ್ನೂ ಅವರು ಬಿಡಲಿಲ್ಲ. ಅಲ್ಲಿ ನಗೆಗೀಡಾದುದು ಆಚಾರದ ಹೆಮ್ಮೆ, ಹಸಿದವನಲ್ಲ. ಮಾತು ನಗೆಯಲ್ಲಿಯೇ ಮುಗಿಯಲೂ ಇಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ ಕಲ್ಯಾಣವನ್ನೇ ನಡುಗಿಸಿತೆಂದು ಪರಂಪರೆ ಹೇಳುತ್ತದೆ.

ಸರ್ವಜ್ಞನೂ ಜಾತಿಯ ಸೊಕ್ಕನ್ನು ಕೆಣಕಿದವನೇ. ಕೀಳೆನಿಸಿಕೊಂಡವನ ಮನೆಯ ದೀಪಕ್ಕೂ ಕೀಳುತನವುಂಟೇ ಎಂಬುದು ಅವನ ಪ್ರಶ್ನೆ. ಆದರೆ ಅದೇ ಅಂಕಿತದಲ್ಲಿ ಅಕ್ಕಸಾಲಿಗರನ್ನು ಕುಲಸಹಿತ ಜರೆಯುವ, ಹೆಣ್ಣನ್ನು ಹಳಿಯುವ ತ್ರಿಪದಿಗಳೂ ಇವೆ. ಉತ್ತಂಗಿ ಚೆನ್ನಪ್ಪನವರು ಶ್ರಮಪಟ್ಟು ಸಂಗ್ರಹಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಈ ಅಂಕಿತದ ಎಷ್ಟೋ ಪದ್ಯಗಳು ಅನ್ಯರು ಸೇರಿಸಿದವೆಂದು ವಿದ್ವಾಂಸರ ಅಭಿಪ್ರಾಯ. ಕವಿ ಯಾರೇ ಆಗಿರಲಿ, ಗಾದೆಯಾಗಿ ನಿಂತ ಹಾಸ್ಯಕ್ಕೆ ಸಾಕ್ಷ್ಯ ಬೇಕಿಲ್ಲ. ಕೇಳಿದವರು ನಗುತ್ತಲೇ ನಂಬಿಬಿಡುತ್ತಾರೆ. ಒಬ್ಬನ ಮೋಸ ಇಡೀ ಕುಲದ ಗುಣವೆನಿಸುತ್ತದೆ.

ಮನೆಯಲ್ಲಿ ಮಕ್ಕಳಿಗೆ ತ್ರಿಪದಿ ಕಲಿಸುವ ತಂದೆತಾಯಿಗಳು ಒಂದು ಪ್ರಶ್ನೆಯನ್ನೂ ಕಲಿಸುವುದು ಲೇಸು: ಈ ಮಾತಿಗೆ ಗುರಿಯಾದವನ ಮಗು ಪಕ್ಕದಲ್ಲಿ ಕುಳಿತಿದ್ದರೆ, ಅದೂ ನಕ್ಕೀತೇ?