ಉಪ್ಪಿನ ದೋಣಿಗಳ ಊರಿನ ಜೋಗುಳ

ಸಾಲ್ಜಾಕ್ ನದಿ ಓಬರ್ನ್‌ಡೋರ್ಫಿನ ಬಳಿ ಲಾಳದ ಹಾಗೆ ಬಳಸಿ ಹರಿಯುತ್ತದೆ. ಈಚೆ ದಡ ಆಸ್ಟ್ರಿಯಾ, ಆಚೆ ದಡ ಜರ್ಮನಿ. ಈಚೆ ದಡದ ಪುಟ್ಟ ದಿಬ್ಬದ ಮೇಲೆ ಎಂಟು ಮೂಲೆಯ, ಬಿಳಿ ಗೋಡೆಯ ಒಂದು ಚಾಪೆಲ್ ಇದೆ. ಒಳಗೆ ಇಪ್ಪತ್ತು ಮಂದಿ ಕುಳಿತರೆ ಮುಗಿಯಿತು, ಇಪ್ಪತ್ತೊಂದನೆಯವರು ಬಾಗಿಲಲ್ಲೇ ನಿಲ್ಲಬೇಕು. ಆದರೆ ಪ್ರತಿ ಡಿಸೆಂಬರ್ 24ರ ಸಂಜೆ ಐದು ಗಂಟೆಗೆ ಆ ದಿಬ್ಬದ ಸುತ್ತ ಸಾವಿರಾರು ಜನ ಸೇರುತ್ತಾರೆ. ಉಸಿರು ಹೊಗೆಯಾಗುವ ಚಳಿ. ಎಲ್ಲೆಲ್ಲಿಂದಲೋ ಬಂದವರು, ಯಾವ ಯಾವುದೋ ಭಾಷೆಯವರು. ರಾಗವೊಂದು ಎದ್ದೊಡನೆ ಎಲ್ಲರ ಬಾಯಲ್ಲೂ ಅದೇ ಹಾಡು. ಜರ್ಮನ್‌ನಲ್ಲಿ ‘ಸ್ಟಿಲ್ಲೆ ನಾಖ್ಟ್’, ನಮಗೆ ಪರಿಚಿತವಾದ ಹೆಸರಲ್ಲಿ ‘ಸೈಲೆಂಟ್ ನೈಟ್’.

ಆ ದಿಬ್ಬ ಹುಟ್ಟುದಿಬ್ಬವಲ್ಲ. ಸಂತ ನಿಕೋಲಾಸರ ಇಗರ್ಜಿಯೊಂದು ಅಲ್ಲಿತ್ತು. ನದಿಯ ನೆರೆ ಮತ್ತೆ ಮತ್ತೆ ನುಗ್ಗಿ ಗೋಡೆಗಳನ್ನು ಸಡಿಲಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕೆಡವಬೇಕಾಯಿತು. ಊರೇ ನದಿಯ ಮೇಲ್ಭಾಗಕ್ಕೆ ಸರಿದುಹೋಯಿತು. ಉಳಿದ ಕಲ್ಲುಮಣ್ಣಿನ ರಾಶಿಯೇ ಈ ದಿಬ್ಬ.

ಆ ಇಗರ್ಜಿ ಗಟ್ಟಿಯಾಗಿ ನಿಂತಿದ್ದ ಕಾಲಕ್ಕೆ, 1818ರ ಚಳಿಗಾಲಕ್ಕೆ ಹೋಗೋಣ.

ಓಬರ್ನ್‌ಡೋರ್ಫ್ ದೋಣಿಯವರ ಊರು. ಹಾಲೈನ್ ಗಣಿಯ ಉಪ್ಪನ್ನು ನದಿಯ ಮೇಲೆ ಸಾಗಿಸುವುದೇ ಅವರ ಜೀವನೋಪಾಯ. ನೆಪೋಲಿಯನ್ನನ ಯುದ್ಧಗಳು ಮುಗಿದಿದ್ದವು. ಆದರೆ 1816ರ ಒಪ್ಪಂದ ಆ ನದಿಯನ್ನೇ ಗಡಿಯನ್ನಾಗಿ ಮಾಡಿ, ಒಂದೇ ಊರಾಗಿದ್ದ ಲೌಫನ್ ಮತ್ತು ಓಬರ್ನ್‌ಡೋರ್ಫನ್ನು ಎರಡು ದೇಶಕ್ಕೆ ಹಂಚಿಹಾಕಿತ್ತು. ಅದೇ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. 1815ರಲ್ಲಿ ದೂರದ ಇಂಡೋನೇಷ್ಯಾದಲ್ಲಿ ಸಿಡಿದ ತಂಬೋರಾ ಜ್ವಾಲಾಮುಖಿಯ ಬೂದಿ, ಹೊಗೆ ಬಾನಿಗೇರಿ ಬಿಸಿಲನ್ನು ತಡೆದಿತ್ತು. ಬೆಳೆ ನೆಲಕಚ್ಚಿತು, ರೊಟ್ಟಿ ತುಟ್ಟಿಯಾಯಿತು. ಶಾಂತಿ ಎಂಬ ಮಾತಿಗೆ ಆ ಜನರ ಕಿವಿ ಎಷ್ಟು ಹಸಿದಿತ್ತೆಂದು ಇಷ್ಟರಿಂದಲೇ ತಿಳಿಯುತ್ತದೆ.

ಹಸಿವಿನ ಆ ವರ್ಷವೇ, ಮಾರಿಯಾಫಾರ್ ಎಂಬ ಬೆಟ್ಟದೂರಿನಲ್ಲಿ ಯೋಸೆಫ್ ಮೋರ್ ಎಂಬ ಕಿರಿಯ ಪಾದ್ರಿ ಆರು ಚರಣಗಳ ಕವಿತೆಯೊಂದನ್ನು ಬರೆದಿದ್ದ. ಮೋರ್ ಹುಟ್ಟಿದ್ದು 1792ರಲ್ಲಿ, ಸಾಲ್ಜ್‌ಬರ್ಗಿನಲ್ಲಿ, ಮದುವೆಯಾಗದ ತಾಯಿಗೆ. ಹೆಣೆದು ಹೊಲಿದು ಬದುಕುತ್ತಿದ್ದವಳು ಆಕೆ. ಸೈನಿಕನಾಗಿದ್ದ ತಂದೆ ಓಡಿಹೋಗಿದ್ದ. ದೀಕ್ಷಾಸ್ನಾನಕ್ಕೆ ಮಗುವಿನ ಹೊಣೆ ಹೊತ್ತು ಹೆಸರು ಕೊಟ್ಟವನು ಊರಿನ ಗಲ್ಲಿಗೇರಿಸುವ ಕೆಲಸದವನು. ಊರವರು ದೂರ ಇಡುತ್ತಿದ್ದ ಮನುಷ್ಯ ಅವನು. ಇಂಥ ಹುಡುಗ ಗೋದಲಿಯ ಕೂಸಿನ ಮೇಲೆ ಜೋಗುಳ ಬರೆದದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಇರಲು ಜಾಗವಿಲ್ಲದ ತಾಯಿ ಮಗುವನ್ನು ಅವನು ಗ್ರಂಥದಿಂದಷ್ಟೇ ತಿಳಿದವನಲ್ಲ.

ಮರುವರ್ಷ ಅವನಿಗೆ ಓಬರ್ನ್‌ಡೋರ್ಫಿಗೆ ವರ್ಗವಾಯಿತು. ಅಲ್ಲಿ ಆರ್ಗನ್ ನುಡಿಸುತ್ತಿದ್ದವನು ಫ್ರಾನ್ಸ್ ಕ್ಸಾವರ್ ಗ್ರೂಬರ್. ಪಕ್ಕದ ಆರ್ನ್ಸ್‌ಡೋರ್ಫಿನಲ್ಲಿ ಶಾಲೆಯ ಮೇಷ್ಟ್ರು, ಬಟ್ಟೆ ನೇಯುವವರ ಮಗ. ಮಗನೂ ಮಗ್ಗದ ಮುಂದೆ ಕೂರಲಿ ಎಂದು ತಂದೆಯ ಆಸೆ, ಮಗನ ಬೆರಳಿಗೆ ಸಂಗೀತದ ಗೀಳು.

1818ರ ಡಿಸೆಂಬರ್ 24ರಂದು ಮೋರ್ ತನ್ನ ಕವಿತೆಯ ಹಾಳೆಯನ್ನು ಗ್ರೂಬರನ ಕೈಗಿತ್ತ. ಎರಡು ಕಂಠ, ಜೊತೆಗೆ ಮೇಳ, ಹಿನ್ನೆಲೆಗೆ ಗಿಟಾರು, ಇದಕ್ಕೆ ಹೊಂದುವ ರಾಗ ಕಟ್ಟಿಕೊಡು ಎಂದ. ಸಂಜೆಯೊಳಗೆ ರಾಗ ಸಿದ್ಧ. ತೊಟ್ಟಿಲು ತೂಗುವಂತೆ ಮೆಲ್ಲಗೆ ಹೋಗಿ ಬರುವ ಲಯ. ರಾತ್ರಿ ಇಗರ್ಜಿಯಲ್ಲಿ ಮೋರ್ ಗಿಟಾರು ಹಿಡಿದು ಮೇಲುದನಿಯಲ್ಲಿ ಹಾಡಿದ, ಗ್ರೂಬರ್ ಕೆಳದನಿ ಕೂಡಿಸಿದ, ಚರಣದ ಕೊನೆಯನ್ನು ಮೇಳ ಎತ್ತಿಕೊಂಡಿತು. ಗಿಟಾರು ಆಗ ಹೆಂಡದಂಗಡಿಯ ವಾದ್ಯ, ಪೂಜೆಯ ಜಾಗದ್ದಲ್ಲ. ದುಡಿದು ಒರಟಾದ ಕೈಗಳ ದೋಣಿಯವರಿಗೆ ಮಾತ್ರ ಆ ತಂತಿಯ ಸದ್ದು ತಮ್ಮದೇ ಅನ್ನಿಸಿರಬೇಕು.

ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದುಹಾಕಿದ್ದವು, ಅದಕ್ಕೇ ಗಿಟಾರು ಬಂತು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಗ್ರೂಬರನೇ ಬರೆದಿಟ್ಟ ವಿವರದಲ್ಲಿ ಇಲಿಯೂ ಇಲ್ಲ, ಕೆಟ್ಟ ಆರ್ಗನ್ನೂ ಇಲ್ಲ. ಮೋರ್ ಗಿಟಾರು ಬೇಕೆಂದು ಕೇಳಿದ, ಅಷ್ಟೇ.

ಆಮೇಲೆ ಹಾಡಿಗೆ ಕಾಲು ಬಂತು. ಆರ್ಗನ್ ಕೆಲಸದ ಕಾರ್ಲ್ ಮೌರಾಖರ್ ಅದನ್ನು ತನ್ನ ಚಿಲ್ಲರ್‌ಟಾಲ್ ಕಣಿವೆಗೆ ಒಯ್ದ. ಅಲ್ಲಿನ ಸ್ಟ್ರಾಸರ್ ಕುಟುಂಬ ಕೈಗವಸು ಮಾರಲು ಜಾತ್ರೆಯಿಂದ ಜಾತ್ರೆಗೆ ಅಲೆಯುವವರು. 1830ರ ದಶಕದ ಆರಂಭದಲ್ಲಿ ಲೈಪ್ಜಿಗ್‌ನಲ್ಲಿ ಅವರು ಇದನ್ನು ಹಾಡಿದರು, ಊರು ಕಿವಿಗೊಟ್ಟಿತು. ಸ್ವಲ್ಪದರಲ್ಲೇ ಡ್ರೆಸ್ಡನ್ನಿನಲ್ಲಿ ಅಚ್ಚಾಯಿತು, ಟಿರೋಲ್ ಸೀಮೆಯ ಜನಪದ ಗೀತೆ ಎಂಬ ಗುರುತಿನಲ್ಲಿ. 1839ರಲ್ಲಿ ರೈನರ್ ಗಾಯಕರು ನ್ಯೂಯಾರ್ಕಿಗೆ ಮುಟ್ಟಿಸಿದರು. 1859ರಲ್ಲಿ ಜಾನ್ ಫ್ರೀಮನ್ ಯಂಗ್ ಇಂಗ್ಲಿಷಿಗೆ ತಂದರು. 1914ರ ಕ್ರಿಸ್ಮಸ್ಸಿನಲ್ಲಿ ಫ್ಲಾಂಡರ್ಸಿನ ಕಂದಕಗಳಿಂದ ಜರ್ಮನ್ ಸೈನಿಕರು ಹಾಡಿದಾಗ ಎದುರಿನ ಕಂದಕದಲ್ಲಿದ್ದವರಿಗೂ ಅದು ಗೊತ್ತಿತ್ತು. ಜರ್ಮನ್ ಮಾತಿನ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಇಳಿದದ್ದು 1834ರಲ್ಲಿ. ಇಂದು ನಮ್ಮ ಚರ್ಚುಗಳೂ ಇದನ್ನು ಕನ್ನಡದಲ್ಲಿ ಹಾಡುತ್ತವೆ.

ಬಾಯಿಂದ ಬಾಯಿಗೆ ಹೋದ ಹಾಡಿನಲ್ಲಿ ಒಂದೆರಡು ಸ್ವರ ಬದಲಾದವು. ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಾಗುವುದು ದಾರಿಯಲ್ಲಿ ಕಳಚಿಬಿದ್ದ ಹೆಸರುಗಳ ಬಗ್ಗೆ. ಇಷ್ಟು ಚೆಲುವಾದದ್ದು ದೊಡ್ಡವರದ್ದೇ ಇರಬೇಕೆಂದು ಜನ ಅದನ್ನು ಸಂಗೀತಗಾರ ಹೈಡನ್ನನ ತಲೆಗೆ ಕಟ್ಟಿದರು. 1854ರಲ್ಲಿ ಬರ್ಲಿನ್ನಿನ ಅರಮನೆಯ ಸಂಗೀತಮೇಳ, ಇದು ಮಿಖಾಯೆಲ್ ಹೈಡನ್ನನ ಕೃತಿಯೇ ಎಂದು ಸಾಲ್ಜ್‌ಬರ್ಗಿಗೆ ಪತ್ರ ಬರೆದು ವಿಚಾರಿಸಿತು. ಹಾಲೈನ್‌ನಲ್ಲಿದ್ದ ಮುದಿ ಗ್ರೂಬರ್ ಡಿಸೆಂಬರ್ 30ರಂದು ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದ.

ಮೋರ್ ಅಷ್ಟರಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಊರಿಂದೂರಿಗೆ ವರ್ಗವಾಗುತ್ತ ಕೊನೆಗೆ ವಾಗ್ರೈನ್ ಸೇರಿ, ಅಲ್ಲಿನ ಬಡಮಕ್ಕಳಿಗೆ ಶಾಲೆ ಕಟ್ಟಿಸಿ, ಕೈಯಲ್ಲಿ ಕಾಸಿಲ್ಲದೆ ಸತ್ತವನು. ಬದುಕಿದ್ದಾಗ ಅವನ ಚಿತ್ರವನ್ನು ಯಾರೂ ಬರೆದಿರಲಿಲ್ಲ. 1912ರಲ್ಲಿ ಶಿಲ್ಪಿಯೊಬ್ಬ ಮುಖದ ಅಂದಾಜಿಗಾಗಿ ಗೋರಿಯಿಂದ ತಲೆಬುರುಡೆಯನ್ನು ತೆಗೆಸಬೇಕಾಯಿತು. ಅದು ಈಗ ಓಬರ್ನ್‌ಡೋರ್ಫಿನ ಚಾಪೆಲ್ಲಿನ ಗೋಡೆಯೊಳಗಿದೆ, ದೇಹ ವಾಗ್ರೈನ್‌ನಲ್ಲಿ. ಗಿಟಾರು ಹಾಲೈನ್‌ನ ವಸ್ತುಸಂಗ್ರಹಾಲಯದಲ್ಲಿದೆ, ಗ್ರೂಬರನ ಗೋರಿಯೂ ಅಲ್ಲೇ ಬಾಗಿಲ ಮುಂದೆ.

1995ರಲ್ಲಿ ಹಳೆಯ ಹಾಳೆಯೊಂದು ಬೆಳಕಿಗೆ ಬಂತು. ಮೋರ್ ತನ್ನ ಕೈಯಾರೆ ಈ ಹಾಡನ್ನು ಸ್ವರಸಹಿತ ಬರೆದಿಟ್ಟ ಪ್ರತಿ ಅದು. ರಾಗ ಗ್ರೂಬರನದು ಎಂದು ಹಾಳೆಯ ಮೇಲ್ತುದಿಯಲ್ಲಿ ಬರೆದಿದ್ದಾನೆ. ತನ್ನ ಹೆಸರನ್ನು ಕೆಳಗೆ, ಎಡಮೂಲೆಯಲ್ಲಿ ಬರೆದುಕೊಂಡಿದ್ದಾನೆ.