ಕಲ್ಲು ಹೋಯಿತು, ನಳಿಕೆ ಉಳಿಯಿತೇ?

ಕರಾವಳಿಯಿಂದ ಬಂದು ಕೃಷ್ಣಾ ತೀರದ ಗಲಗಲಿಯಲ್ಲಿ ಮದ್ರಸ ಪಾಠ ಹೇಳುವ ನಮಗೆ ಇಲ್ಲಿಯ ಬಿಸಿಲಿನ ಗುಣ ಬೇಗ ತಿಳಿಯಿತು. ನಮ್ಮೂರ ಸೆಕೆಯಲ್ಲಿ ಬೆವರು ಅಂಗಿಯನ್ನೇ ಒದ್ದೆ ಮಾಡುತ್ತದೆ. ಇಲ್ಲಿ ಬೆವರು ಕಾಣುವ ಮೊದಲೇ ಆರುತ್ತದೆ. ಮೈಯಿಂದ ನೀರು ಹೋದದ್ದೇ ಗೊತ್ತಾಗುವುದಿಲ್ಲ. ಕಬ್ಬಿನ ಹೊಲದಲ್ಲಿ ದುಡಿಯುವ ಇಲ್ಲಿಯವರದ್ದೂ ಗಲ್ಫಿನ ಬಿಸಿಲಿನಲ್ಲಿ ದುಡಿಯುವ ನಮ್ಮ ಹುಡುಗರದ್ದೂ ಒಂದೇ ಕಥೆ. ಕುಡಿಯುವ ನೀರು ಕಡಿಮೆಯಾದರೆ ಮೂತ್ರ ಗಾಢವಾಗುತ್ತದೆ, ಅದರಲ್ಲಿರುವ ಲವಣ ಹರಳುಗಟ್ಟಿ ಕಿಡ್ನಿ ಕಲ್ಲಾಗುತ್ತದೆ.

ಹಿಂದೆ ಕಲ್ಲು ತೆಗೆಯಬೇಕೆಂದರೆ ಪಕ್ಕೆ ಕೊಯ್ಯಬೇಕಿತ್ತು. ಕೊಯ್ಯದೆ ತೆಗೆಯುವ ಯೋಚನೆ ಮಾತ್ರ ಹೊಸತಲ್ಲ. ಕ್ರಿ.ಶ. 1013ರ ಸುಮಾರಿಗೆ ತೀರಿಕೊಂಡ ಅಂದಲೂಸಿಯಾದ ವೈದ್ಯ ಅಬುಲ್ ಖಾಸಿಂ ಅಝ್ಝಹ್ರಾವಿ ತಮ್ಮ 30 ಭಾಗಗಳ ‘ಕಿತಾಬುತ್ತಸ್ರೀಫ್’ ಗ್ರಂಥದಲ್ಲಿ, ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಸಣ್ಣ ಬೈರಿಗೆಯಂಥ ಸಲಕರಣೆಯಿಂದ ಕೊರೆದು ಒಡೆಯುವ ಬಗೆಯನ್ನು ವಿವರಿಸಿದ್ದಾರೆ.

ಇಂದು ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಹೊರಗಿನಿಂದಲೇ ಆಘಾತ ತರಂಗ ಬಿಟ್ಟು ಕಲ್ಲು ಪುಡಿ ಮಾಡುವುದು. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಇದು ಮೊದಲ ಬಾರಿ ರೋಗಿಯ ಮೇಲೆ ನಡೆಯಿತು. ಎರಡು, ಮೂತ್ರ ಬರುವ ದಾರಿಯಲ್ಲೇ ತೆಳುವಾದ ದುರ್ಬೀನು ಕಳಿಸಿ ಲೇಸರ್‌ನಿಂದ ಒಡೆಯುವುದು. ಇದಕ್ಕೆ ಗಾಯವೇ ಇಲ್ಲ. ಮೂರು, ದೊಡ್ಡ ಕಲ್ಲಾದರೆ ಬೆನ್ನಿನಲ್ಲಿ ಸುಮಾರು 1 ಸೆಂಟಿಮೀಟರ್ ತೂತು ಮಾಡಿ ತೆಗೆಯುವುದು. ಯಾವುದು ಸರಿ ಎಂಬುದನ್ನು ಕಲ್ಲಿನ ಗಾತ್ರ, ಜಾಗ ನೋಡಿ ಡಾಕ್ಟರು ಹೇಳುತ್ತಾರೆ.

ನಾವು ಬರೆಯಲು ಹೊರಟದ್ದು ಇದರ ನಂತರದ ಸಂಗತಿ. ಕಲ್ಲು ಒಡೆದ ಮೇಲೆ ಮೂತ್ರನಾಳ ಊದಿಕೊಂಡು ಮುಚ್ಚಬಾರದು, ಚೂರುಗಳು ಅಡ್ಡ ನಿಲ್ಲಬಾರದು ಎಂದು ಎಷ್ಟೋ ಮಂದಿಗೆ ಒಳಗೆ ಒಂದು ಮೆದು ನಳಿಕೆ ಇಡುತ್ತಾರೆ. ಅದೇ ಡಿಜೆ ಸ್ಟೆಂಟ್. ಎರಡೂ ತುದಿ ಸುರುಳಿ. ಒಂದು ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ. ಹೃದಯಕ್ಕೆ ಹಾಕುವ ಸ್ಟೆಂಟ್ ಒಳಗೇ ಇರುವಂಥದ್ದು. ಇದು ಹಾಗಲ್ಲ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಯಲೇಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆಯೇ ಅನಾಹುತ ಆಗುವುದು.

“ಹಜರತ್, ನೋವು ಹೋತಲ್ರಿ, ಮತ್ಯಾಕ ದವಾಖಾನಿ?” ಎಂದು ಇಲ್ಲಿಯವರು ಕೇಳುತ್ತಾರೆ. ಬಾಗಲಕೋಟೆಗೋ ವಿಜಯಪುರಕ್ಕೋ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ನಮ್ಮ ಕಡೆ ಕಾರಣ ಇನ್ನೊಂದು. ರಜೆಯಲ್ಲಿ ಬಂದವನು ಕಲ್ಲು ತೆಗೆಸಿಕೊಳ್ಳುತ್ತಾನೆ, ರಜೆ ಮುಗಿಯುತ್ತದೆ, ನಳಿಕೆಯ ಸಮೇತ ವಿಮಾನ ಹತ್ತುತ್ತಾನೆ. ತಿಂಗಳುಗಟ್ಟಲೆ ಉಳಿದ ನಳಿಕೆಯ ಮೇಲೇ ಹೊಸ ಕಲ್ಲು ಕಟ್ಟಿಕೊಳ್ಳುತ್ತದೆ, ಸೋಂಕು ತಗಲುತ್ತದೆ, ಕಿಡ್ನಿಯೇ ಕೆಡಬಹುದು. ಸಕಾಲದಲ್ಲಿ ಹೋದರೆ ಜೆಲ್ಲಿ ಹಚ್ಚಿ ಕೆಲವೇ ನಿಮಿಷಗಳಲ್ಲಿ ತೆಗೆಯುವಂಥದ್ದಕ್ಕೆ ಆಮೇಲೆ ದೊಡ್ಡ ಆಪರೇಷನ್ನೇ ಬೇಕಾದೀತು.

ನಳಿಕೆ ಇರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಅವಸರವಾಗುವುದು, ಉರಿ, ಸ್ವಲ್ಪ ರಕ್ತ ಕಾಣುವುದು ಸಾಮಾನ್ಯ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ನಳಿಕೆ ಇದೆಯೆಂದು ನಮಾಝ್ ಬಿಡಬೇಕಾಗಿಲ್ಲ. ಮೂತ್ರ ಹನಿಯುವವರಿಗೂ ಶರೀಅತ್‌ನಲ್ಲಿ ರಿಯಾಯಿತಿ ಇದೆ, ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ. ಉಪವಾಸದ ವಿಷಯದಲ್ಲಿ ಡಾಕ್ಟರ ಮಾತನ್ನೂ ಕೇಳಿ. ಉಪವಾಸ ಹಿಡಿಯುವವರು ಇಫ್ತಾರಿನಿಂದ ಸಹರಿಯವರೆಗೆ ನೀರು ಸಾಕಷ್ಟು ಕುಡಿಯಬೇಕು.

ಖರ್ಚಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ಅವಕಾಶವಿದೆ. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದೆಯೇ, ನಳಿಕೆ ತೆಗೆಯುವ ಖರ್ಚೂ ಸೇರಿದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ.

ಮನೆಯಲ್ಲಿ ಯಾರಿಗಾದರೂ ಕಲ್ಲಿನ ಚಿಕಿತ್ಸೆ ಆಗಿದೆಯೇ? ಡಿಸ್ಚಾರ್ಜ್ ಚೀಟಿ ಹುಡುಕಿ. ‘ಡಿಜೆ ಸ್ಟೆಂಟ್’ ಎಂದು ಬರೆದಿದ್ದರೆ, ತೆಗೆಸಿದ ದಾಖಲೆ ಇದೆಯೇ ನೋಡಿ. ಚೀಟಿ ಕಳೆದಿದ್ದರೆ ಡಾಕ್ಟರಿಗೆ ಹೇಳಿ. ಒಂದು ಎಕ್ಸ್‌ರೇಯಲ್ಲಿ ನಳಿಕೆ ಕಾಣುತ್ತದೆ. ತೆಗೆಸಬೇಕಾದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಗಲ್ಫಿನಲ್ಲಿರುವ ಮಗನಿಗೂ ಇಂದೇ ಫೋನ್ ಮಾಡಿ ಕೇಳಿ.